ಕಪ್ಪೆ ಈಜಿನ ಉಸಿರು: ಒಂದು ಸಣ್ಣ ಇತಿಹಾಸ

ಪುಣೆಯ ಡೆಕ್ಕನ್ ಜಿಮಖಾನಾ ಪ್ರದೇಶದಲ್ಲಿ ತಿಲಕ್ ತಲಾವ್ ಎಂಬ ಹಳೆಯ ಈಜುಕೊಳವಿದೆ. ಇಂತಹ ಯಾವ ಕೊಳದ ದಂಡೆಯಲ್ಲಿ ನಿಂತರೂ ಬ್ರೆಸ್ಟ್‌ಸ್ಟ್ರೋಕ್ ಕಲಿಯುವವರಿಗೆ ಶಿಕ್ಷಕರು ಮತ್ತೆ ಮತ್ತೆ ಹೇಳುವ ಮಾತೊಂದಿದೆ: ಉಸಿರನ್ನು ನೀರಿನೊಳಗೇ ಬಿಡಿ. ಬೆನ್ನಿಗೆ ಬೆಂಡನ್ನೋ ಸೋರೆಬುರುಡೆಯನ್ನೋ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತ ನಮ್ಮಂಥವರಿಗೆ ಈ ಮಾತು ಮೊದಲಿಗೆ ವಿಚಿತ್ರವಾಗಿ ಕೇಳಿಸುತ್ತದೆ. ತಲೆಯನ್ನು ನೀರಿನ ಮೇಲಿಡುವುದೇ ನಾವು ಕಲಿತ ಮೊದಲ ಪಾಠ. ಈ ಎರಡು ಪಾಠಗಳ ನಡುವಿನ ದಾರಿ ಎಷ್ಟು ಉದ್ದವಾದದ್ದೆಂಬುದನ್ನು ನೋಡುವುದೇ ನಮ್ಮ ಉದ್ದೇಶ.

ತಲೆಯೆತ್ತಿ ಈಜುವುದು ನಮ್ಮ ಬಾವಿಗಳಿಗೆ ಸೀಮಿತವಾದ ರೂಢಿಯಲ್ಲ. ಮ್ಯಾಥ್ಯೂ ವೆಬ್ 1875ರ ಆಗಸ್ಟ್‌ನಲ್ಲಿ ಇಂಗ್ಲಿಷ್ ಕಾಲುವೆಯನ್ನು ಸುಮಾರು 21 ಗಂಟೆ 45 ನಿಮಿಷಗಳಲ್ಲಿ ದಾಟಿದ್ದು ಬ್ರೆಸ್ಟ್‌ಸ್ಟ್ರೋಕ್‌ನಲ್ಲಿಯೇ. ಅಲೆಯನ್ನೂ ದಡವನ್ನೂ ನೋಡುತ್ತ ಸಾಗಬೇಕಾದವನಿಗೆ ತಲೆ ಮೇಲಿರುವುದು ಅಗತ್ಯ. ಆದರೆ ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ತಲೆ ಮೇಲೆದ್ದಷ್ಟೂ ಸೊಂಟ ಕೆಳಗಿಳಿಯುತ್ತದೆ, ನೀರಿನ ತಡೆ ಹೆಚ್ಚುತ್ತದೆ, ಕತ್ತು ನೋಯುತ್ತದೆ.

ಸ್ಪರ್ಧೆಗಳು ಬಂದ ಮೇಲೆ ಈ ಬೆಲೆ ಎಲ್ಲರ ಕಣ್ಣಿಗೂ ಬಿತ್ತು. ನೀರಿನ ಮೇಲ್ಮೈಗಿಂತ ಒಳಗೆ ಸಾಗುವುದೇ ವೇಗವೆಂದು ಕೆಲವರು ಕಂಡುಕೊಂಡರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನ 200 ಮೀಟರ್ ಸ್ಪರ್ಧೆಯಲ್ಲಿ ಜಪಾನಿನ ಮಸಾರು ಫುರುಕಾವಾ ಬಹುಪಾಲು ದೂರವನ್ನು ಮುಳುಗಿಯೇ ಈಜಿ ಚಿನ್ನ ಗೆದ್ದರು. ರನ್ನನ ಗದಾಯುದ್ಧವನ್ನು ಓದಿದವರಿಗೆ ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನ ನೆನಪಾದರೆ ಆಶ್ಚರ್ಯವಿಲ್ಲ. ಅವನಿಗೆ ಜಲಮಂತ್ರದ ಬಲವಿತ್ತು. ಈಜುಗಾರನಿಗಿದ್ದುದು ಎದೆಯಲ್ಲಿ ಹಿಡಿದ ಒಂದೇ ಉಸಿರು. ಆ ಕೂಟದ ಬಳಿಕ ಇಂತಹ ಈಜಿಗೆ ನಿಷೇಧ ಬಂತು. ಆರಂಭದಲ್ಲಿ ಮತ್ತು ತಿರುವುಗಳಲ್ಲಿ ಅಲ್ಪ ಅವಕಾಶವನ್ನು ಬಿಟ್ಟರೆ, ತಲೆಯ ಯಾವುದಾದರೊಂದು ಭಾಗ ಸದಾ ನೀರಿನ ಮೇಲಿರಬೇಕೆಂದಾಯಿತು. 1987ರಲ್ಲಿ ನಿಯಮ ಮತ್ತೆ ಸಡಿಲಗೊಂಡಿತು: ತಲೆ ಮುಳುಗಬಹುದು, ಆದರೆ ಪ್ರತಿ ಆವರ್ತನದಲ್ಲಿ ಒಮ್ಮೆ ಮೇಲೆ ಬರಲೇಬೇಕು. ಹೀಗೆ ಕೈಕಾಲುಗಳ ಲಯದೊಂದಿಗೆ ಉಸಿರಿನ ಲಯವೂ ನಿಯಮದ ನೆರಳಿಗೆ ಬಂತು.

ಈ ಲಯವನ್ನು ವಿವರಿಸಲು ಬೇಕಾದ ಮಾತುಗಳು ಪುಣೆಯ ಪರಿಸರದಲ್ಲಿ ಆಗಲೇ ಇದ್ದವು. ಸ್ವಾಮಿ ಕುವಲಯಾನಂದರು 1924ರಲ್ಲಿ ಪುಣೆ ಜಿಲ್ಲೆಯ ಲೋಣಾವಳದಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ ಪ್ರಾಣಾಯಾಮವನ್ನು ಪ್ರಯೋಗಶಾಲೆಗೆ ತಂದರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಕೃಷ್ಣಮಾಚಾರ್ಯರ ಶಿಷ್ಯರಾಗಿದ್ದ ಬಿ.ಕೆ.ಎಸ್. ಅಯ್ಯಂಗಾರ್ಯರು 1937ರಲ್ಲಿ ಪುಣೆಗೆ ಬಂದು ಯೋಗ ಕಲಿಸತೊಡಗಿದ್ದು ಇದೇ ಡೆಕ್ಕನ್ ಜಿಮಖಾನಾದಲ್ಲಿ. ಇವರಿಬ್ಬರ ವಿಷಯ ಈಜಲ್ಲ, ಯೋಗ. ಆದರೂ ಪೂರಕ, ರೇಚಕ, ಕುಂಭಕ ಎಂಬ ಮೂರು ಪದಗಳನ್ನು ಕೊಳಕ್ಕೆ ಒಯ್ದರೆ ಶಿಕ್ಷಕರ ಕೂಗು ತಿಳಿಯಾಗುತ್ತದೆ.

ಕೈಗಳು ಹೊರಕ್ಕೆ ಚಾಚಿ ಎದೆಯ ಕಡೆಗೆ ಮರಳುವಾಗ ಹೆಗಲು ತಾನಾಗಿ ಮೇಲೇಳುತ್ತದೆ. ಬಾಯಿಂದ ಕ್ಷಿಪ್ರವಾದ ಪೂರಕ ನಡೆಯಬೇಕಾದದ್ದು ಆಗ. ಕೈಗಳು ಮುಂದಕ್ಕೆ ಚಾಚಿದಾಗ ಮುಖ ನೀರಿಗಿಳಿಯುತ್ತದೆ, ಕಾಲುಗಳು ಒದೆಯುತ್ತವೆ, ದೇಹ ನೇರವಾಗಿ ಜಾರುತ್ತದೆ. ಆ ಹೊತ್ತಿನದು ಮೂಗು ಬಾಯಿಗಳಿಂದ ನಿಧಾನವಾದ ರೇಚಕ. ಯೋಗದಂತೆಯೇ ಇಲ್ಲಿಯೂ ರೇಚಕ ಪೂರಕಕ್ಕಿಂತ ದೀರ್ಘ. ಭೇದವಿರುವುದು ಎರಡು ಕಡೆ. ಯೋಗಿ ಮೂಗಿನಿಂದ ಎಳೆದುಕೊಳ್ಳುವ ಉಸಿರನ್ನು ಈಜುಗಾರ ಬಾಯಿಂದ ಎಳೆಯುತ್ತಾನೆ, ಮೂಗಿನಿಂದ ಎಳೆದರೆ ನೀರು ಒಳಸೇರೀತೆಂದು. ಯೋಗಿಗೆ ಸಾಧನೆಯಾದ ಕುಂಭಕ ಕಲಿಯುವ ಈಜುಗಾರನಿಗೆ ದೋಷ.

ಹೊಸಬರು ಎಡವುವುದು ಇಲ್ಲಿಯೇ. ಹೆದರಿಕೆಯಿಂದ ಅವರು ಉಸಿರನ್ನು ಬಿಗಿಹಿಡಿಯುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ. ಉಸಿರುಗಟ್ಟುವ ಆ ಸಂಕಟಕ್ಕೆ ಆಮ್ಲಜನಕದ ಕೊರತೆಗಿಂತ ಮುಖ್ಯ ಕಾರಣ ಅದು. ತಲೆ ಮೇಲೆ ಬಂದ ಕ್ಷಣದಲ್ಲಿ ಬಿಡುವುದೂ ಎಳೆಯುವುದೂ ಎರಡೂ ಆಗಬೇಕು. ಎರಡೂ ಅರ್ಧಕ್ಕೇ ನಿಲ್ಲುತ್ತವೆ. ನಾಲ್ಕಾರು ಬಾರಿ ಹೀಗಾದರೆ ಆಳವಿಲ್ಲದ ನೀರಿನಲ್ಲೂ ಗಾಬರಿ ಹಿಡಿಯುತ್ತದೆ. ಉಸಿರು ಸಾಲದೆಂದು ಭಾವಿಸುವ ಹೊಸಬರ ನಿಜವಾದ ಕಷ್ಟ, ಬಿಡಬೇಕಾದ ಉಸಿರನ್ನು ಬಿಡದಿರುವುದು.

ಹಾಗೆಂದು ಬಾವಿಯ ಪಾಠ ತಪ್ಪಾಗಿತ್ತೆಂದು ನಾವು ಹೇಳಲಾರೆವು. ಈಜುಕೊಳದ ತಳದಲ್ಲಿ ದಾರಿ ತೋರುವ ಗೆರೆಗಳಿರುತ್ತವೆ. ಖಡಕ್ವಾಸ್ಲಾದ ಹಿನ್ನೀರಿನಲ್ಲಿ ಅಂಥ ಗೆರೆಗಳಿಲ್ಲ. ಅಲ್ಲಿ ತಲೆಯೆತ್ತಿ ದಡವನ್ನು ನೋಡಬಲ್ಲವನಿಗೆ ಅದೇ ರಕ್ಷೆ. ಹಿರಿಯರು ಕೊಟ್ಟ ಆ ಪಾಠವನ್ನು ಇಟ್ಟುಕೊಂಡೇ ಶಿಕ್ಷಕರ ಪಾಠವನ್ನೂ ಮಕ್ಕಳಿಗೆ ಕಲಿಸಬೇಕು. ಅದಕ್ಕೆ ಆಳ ನೀರು ಬೇಡ. ಸೊಂಟದುದ್ದದ ನೀರಿನಲ್ಲಿ ಗೋಡೆ ಹಿಡಿದು ನಿಂತು, ಮುಖವಿಳಿಸಿ ಗುಳ್ಳೆಗಳನ್ನು ಬಿಡುವುದನ್ನು ಮೊದಲು ಕಲಿಯಲಿ. ಕೈಕಾಲುಗಳ ಪಾಠ ಆಮೇಲೆ ಬರಲಿ.