ಬಿಸಿಲಿಗೆ ಕುಸಿದವರ ಮೇಲೆ ತಣ್ಣೀರು ಸುರಿದರೆ ರಕ್ತನಾಳ ಒಡೆಯುತ್ತದೆಯೇ?

ಬೇಸಿಗೆ ಬಂತೆಂದರೆ ವಾಟ್ಸ್ಆ್ಯಪ್‌ನಲ್ಲಿ ಒಂದು ಸಂದೇಶ ತಪ್ಪದೇ ಬರುತ್ತದೆ. ಬಿಸಿಲಿನಿಂದ ಬಂದ ಕೂಡಲೇ ತಣ್ಣೀರು ಕುಡಿಯಬೇಡಿ, ಕೈಕಾಲಿಗೂ ಹಾಕಿಕೊಳ್ಳಬೇಡಿ, ಸೂಕ್ಷ್ಮ ರಕ್ತನಾಳಗಳು ಒಡೆದು ಪ್ರಾಣಕ್ಕೇ ಕುತ್ತು ಬರುತ್ತದೆ ಎನ್ನುವುದು ಅದರ ಸಾರ. ಕೊನೆಗೆ ‘ಎಲ್ಲರಿಗೂ ಕಳುಹಿಸಿ’ ಎಂಬ ಮನವಿ ಇದ್ದೇ ಇರುತ್ತದೆ. ಈ ಮಾತಿಗೆ ವೈದ್ಯಕೀಯ ಆಧಾರವಿಲ್ಲ. ಕೆಲವು ಸಂದರ್ಭಗಳಲ್ಲಿ ಇದನ್ನು ನಂಬುವುದೇ ಅಪಾಯ. ಅಂಥ ಒಂದು ಸಂದರ್ಭವನ್ನು ನಾವು ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿದ್ದೇವೆ.

ಏಪ್ರಿಲ್ ತಿಂಗಳ ಒಂದು ಭಾನುವಾರ. ಬೆಂಗಳೂರಿನ ಸೈಕ್ಲಿಂಗ್ ಕ್ಲಬ್ಬಿನ ಇಪ್ಪತ್ತು ಮಂದಿ ನಂದಿ ಬೆಟ್ಟಕ್ಕೆ ಹೊರಟಿದ್ದಾರೆ ಎಂದುಕೊಳ್ಳಿ. ಹೊರಡುವುದು ತಡವಾಯಿತು, ಬೆಟ್ಟದ ಮೇಲೆ ಫೋಟೊ, ತಿಂಡಿ ಎಂದು ಇನ್ನಷ್ಟು ತಡವಾಯಿತು. ವಾಪಸ್ ದೇವನಹಳ್ಳಿಯ ಕಡೆ ಬರುವಾಗ ಗಂಟೆ ಹನ್ನೊಂದು. ಹಿಂದೆ ಬರುತ್ತಿದ್ದ ಒಬ್ಬರ ಸೈಕಲ್ ವಾಲಾಡುತ್ತಿದೆ. ಕೇಳಿದರೆ ‘ಏನಿಲ್ಲ’ ಎಂದು ಸಿಡುಕುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಕುಸಿಯುತ್ತಾರೆ. ಯಾರೋ ನೀರು ಸುರಿಯಲು ಬಾಟಲಿ ಎತ್ತುತ್ತಾರೆ, ಇನ್ನೊಬ್ಬರು ಆ ಸಂದೇಶ ನೆನಪಾಗಿ ಕೈ ಹಿಡಿದು ತಡೆಯುತ್ತಾರೆ. ತಪ್ಪು ಮಾಡುತ್ತಿರುವುದು ಈ ಎರಡನೆಯವರು.

ದೇಹದೊಳಗೆ ಏನಾಗುತ್ತದೆ?

ಸೈಕಲ್ ತುಳಿಯುವಾಗ ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಪೆಡಲ್ ತಲುಪುವುದು ಸುಮಾರು ಕಾಲುಭಾಗ ಮಾತ್ರ. ಉಳಿದದ್ದು ಶಾಖವಾಗುತ್ತದೆ. ಪೆಡಲ್ ಮೇಲೆ 150 ವಾಟ್ ಹಾಕುವ ಸವಾರರ ದೇಹದಲ್ಲಿ ಸುಮಾರು 500 ವಾಟ್ ಶಾಖ ಹುಟ್ಟುತ್ತದೆ. ಮನೆಯ ಇಸ್ತ್ರಿಪೆಟ್ಟಿಗೆ ಸಾಮಾನ್ಯವಾಗಿ 1000 ವಾಟ್. ಅದರ ಅರ್ಧದಷ್ಟು ಶಾಖ ಹೊಟ್ಟೆಯೊಳಗೆ ಇದ್ದಂತೆ. ಇದನ್ನು ಹೊರಹಾಕುವ ಮುಖ್ಯ ದಾರಿ ಬೆವರು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೊಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಆದರೆ ಆವಿಯಾಗಬೇಕು, ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ದೇಹ ತಣಿಯುವುದಿಲ್ಲ. ಮಂಗಳೂರಿನಲ್ಲಿ ಉಷ್ಣಾಂಶ ರಾಯಚೂರಿಗಿಂತ ಕಡಿಮೆಯಿದ್ದರೂ ತೇವದಿಂದಾಗಿ ಸವಾರಿ ಹಿಂಸೆಯಾಗುವುದು ಇದಕ್ಕೇ.

ಸಮತಟ್ಟು ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಗಾಳಿ ಬೆವರನ್ನು ಒಣಗಿಸುತ್ತದೆ. ಬೆಟ್ಟ ಹತ್ತುವಾಗ ವೇಗ ಕುಸಿಯುತ್ತದೆ, ಗಾಳಿ ನಿಲ್ಲುತ್ತದೆ, ಶ್ರಮ ಮಾತ್ರ ಹೆಚ್ಚುತ್ತದೆ. ಗುಂಪಿನಲ್ಲಿ ಮುಂದಿನವರ ಬೆನ್ನಿಗೆ ಅಂಟಿಕೊಂಡು ಹೋದರೆ ಶ್ರಮ ಕಡಿಮೆ ನಿಜ, ಆದರೆ ಮೈಗೆ ತಾಗುವ ಗಾಳಿಯೂ ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ, ಗುಂಪಿನಲ್ಲಿ ‘ನಾನೊಬ್ಬನೇ ನಿಂತರೆ ಹೇಗೆ’ ಎಂಬ ಸಂಕೋಚವಿರುತ್ತದೆ. ಹೊಸಬರು ಸಿಕ್ಕಿಬೀಳುವುದು ಸಾಮಾನ್ಯವಾಗಿ ಇಲ್ಲೇ.

ದೇಹದ ಒಳಗಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟಿ, ಮಿದುಳಿನ ಕೆಲಸ ಏರುಪೇರಾದರೆ ಅದು ಬಿಸಿಲಾಘಾತ, ಅಂದರೆ ಹೀಟ್ ಸ್ಟ್ರೋಕ್. ತಡಬಡಿಸುವ ಮಾತು, ಕಾರಣವಿಲ್ಲದ ಸಿಟ್ಟು, ಗೊಂದಲ, ತೂರಾಡುವುದು, ಪ್ರಜ್ಞೆ ತಪ್ಪುವುದು ಇದರ ಗುರುತುಗಳು. ಬೆವರು ನಿಂತರೆ ಮಾತ್ರ ಬಿಸಿಲಾಘಾತ ಎಂದು ಹಲವರು ನಂಬಿದ್ದಾರೆ. ವ್ಯಾಯಾಮದ ವೇಳೆ ಬರುವ ಬಿಸಿಲಾಘಾತದಲ್ಲಿ ಮೈ ಬೆವರಿನಿಂದ ತೊಯ್ದಿರುವುದೂ ಉಂಟು. ಹಣೆಗೆ ಹಿಡಿಯುವ ಥರ್ಮಾಮೀಟರನ್ನೂ ನೆಚ್ಚಬೇಡಿ, ಅದು ಒಳಗಿನ ಉಷ್ಣಾಂಶವನ್ನು ಸರಿಯಾಗಿ ತೋರಿಸುವುದಿಲ್ಲ.

ತಣ್ಣೀರೇ ಮದ್ದು

ತಣ್ಣೀರು ತಾಗಿದಾಗ ಚರ್ಮದ ರಕ್ತನಾಳಗಳು ಕಿರಿದಾಗುತ್ತವೆ ಎಂಬುದು ನಿಜ. ಬಹುಶಃ ಸಂದೇಶ ಹುಟ್ಟಿದ್ದೇ ಈ ಅರ್ಧ ಸತ್ಯದಿಂದ. ಆದರೆ ಕಿರಿದಾಗುವುದು ಬೇರೆ, ಒಡೆಯುವುದು ಬೇರೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಪ್ರತಿ ಆಗಸ್ಟ್‌ನಲ್ಲಿ ಫಾಲ್ಮತ್ ರಸ್ತೆ ಓಟ ನಡೆಯುತ್ತದೆ. ಅಲ್ಲಿನ 18 ವರ್ಷಗಳ ದಾಖಲೆಗಳನ್ನು ಸಂಶೋಧಕರು ಪರಿಶೀಲಿಸಿದಾಗ ಬಿಸಿಲಾಘಾತದ 274 ಪ್ರಕರಣಗಳು ಸಿಕ್ಕವು. ಚಿಕಿತ್ಸೆ ಏನೆಂದರೆ ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿಸುವುದು. ಎಲ್ಲರೂ ಬದುಕಿದರು.

ಇಲ್ಲಿ ಸಮಯವೇ ಎಲ್ಲ. ಮೊದಲ ಅರ್ಧ ಗಂಟೆಯೊಳಗೆ ದೇಹ ತಣಿದರೆ ಉಳಿಯುವ ಸಾಧ್ಯತೆ ಬಹಳ ಹೆಚ್ಚು. ಆದ್ದರಿಂದ ‘ಮೊದಲು ತಣಿಸಿ, ಆಮೇಲೆ ಸಾಗಿಸಿ’ ಎಂಬುದು ಕ್ರೀಡಾ ವೈದ್ಯರ ನಿಯಮ. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಕೈಕಟ್ಟಿ ನಿಲ್ಲಬೇಡಿ. ನೆರಳಿಗೆ ಒಯ್ಯಿರಿ, ಹೆಲ್ಮೆಟ್, ಶೂ, ಬಿಗಿ ಬಟ್ಟೆ ತೆಗೆಯಿರಿ. ನಂದಿಯ ಸುತ್ತ ದ್ರಾಕ್ಷಿ ತೋಟಗಳಿವೆ. ಪಂಪ್‌ಸೆಟ್ಟಿನ ತೊಟ್ಟಿ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಕುತ್ತಿಗೆವರೆಗೆ ನೀರಿನಲ್ಲಿಟ್ಟು, ತಲೆಯನ್ನು ಒಬ್ಬರು ಬಿಡದೆ ಹಿಡಿದಿರಬೇಕು. ತೊಟ್ಟಿ ಇಲ್ಲವೇ? ಟಾರ್ಪಾಲಿನ್ ಹಾಸಿ ಮಲಗಿಸಿ, ನಾಲ್ಕೂ ಅಂಚು ಎತ್ತಿ ಹಿಡಿದು, ಕ್ಯಾನ್ ನೀರು ಸುರಿಯಿರಿ. ಕಬ್ಬಿನ ಹಾಲಿನ ಅಂಗಡಿಯ ಐಸ್ ಸಿಕ್ಕರೆ ಅದನ್ನೂ ಹಾಕಿ. ಅದೂ ಆಗದಿದ್ದರೆ ಮೈಯೆಲ್ಲ ಒದ್ದೆ ಮಾಡಿ ಗಾಳಿ ಬೀಸುತ್ತಿರಿ. ವಯಸ್ಸಾದವರಿಗೆ, ಹೃದ್ರೋಗ ಇರುವವರಿಗೆ ಸಾಮಾನ್ಯವಾಗಿ ಈ ಒದ್ದೆ ಮಾಡಿ ಗಾಳಿ ಬೀಸುವ ಕ್ರಮವೇ ಸೂಕ್ತ.

ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಲೇಬೇಡಿ, ಶ್ವಾಸಕೋಶಕ್ಕೆ ಹೋಗಬಹುದು. ಪ್ಯಾರಾಸಿಟಮಾಲ್ ಕೂಡ ಬೇಡ. ಇದು ಸೋಂಕಿನಿಂದ ಬಂದ ಜ್ವರವಲ್ಲ, ಹಾಗಾಗಿ ಆ ಮಾತ್ರೆ ಕೆಲಸ ಮಾಡುವುದಿಲ್ಲ. ಈಗಾಗಲೇ ಬಳಲಿದ ಯಕೃತ್ತಿಗೆ ಮತ್ತಷ್ಟು ಹೊರೆ. ಜೇಬಿನಲ್ಲಿ ಈರುಳ್ಳಿ ಇಟ್ಟುಕೊಂಡರೆ ಬಿಸಿಲು ತಟ್ಟುವುದಿಲ್ಲ ಎಂಬ ಮಾತೂ ಇದೆ. ಈರುಳ್ಳಿಯನ್ನು ಊಟಕ್ಕೆ ಇಟ್ಟುಕೊಳ್ಳಿ.

ನೀರು ಎಷ್ಟು ಕುಡಿಯಬೇಕು?

ತಣ್ಣೀರು ಕುಡಿದರೂ ಸವಾರರಿಗೆ ತೊಂದರೆಯಿಲ್ಲ. ಗಟಗಟ ಕುಡಿದಾಗ ಕೆಲವರಿಗೆ ಕ್ಷಣಕಾಲ ತಲೆ ಸಿಡಿದಂತಾಗಬಹುದು, ಅಷ್ಟೇ. ಹಾಗೆಂದು ‘ಎಷ್ಟು ಕುಡಿದರೂ ಒಳ್ಳೆಯದೇ’ ಎನ್ನುವ ಎದುರು ಸಂದೇಶವೂ ಸರಿಯಲ್ಲ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ರಕ್ತ ಪರೀಕ್ಷೆಗೆ ಒಳಗಾದ 488 ಓಟಗಾರರಲ್ಲಿ ಶೇ 13ರಷ್ಟು ಮಂದಿಗೆ ಸೋಡಿಯಂ ಕಡಿಮೆಯಾಗಿತ್ತು. ಓಟದಲ್ಲಿ ತೂಕ ಇಳಿಯುವ ಬದಲು ಏರಿದವರಲ್ಲಿ, ಅಂದರೆ ಅತಿಯಾಗಿ ಕುಡಿದವರಲ್ಲಿ, ಇದು ಹೆಚ್ಚಾಗಿತ್ತು. ಬಾಯಾರಿದಂತೆ ಕುಡಿಯಿರಿ. ದೀರ್ಘ ಸವಾರಿಯಲ್ಲಿ ಉಪ್ಪು ಹಾಕಿದ ಮಜ್ಜಿಗೆಯೋ, ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಿದ ಓಆರ್‌ಎಸ್ಸೋ ಇರಲಿ.

ಬಿಸಿಲಿಗೆ ದೇಹ ಒಗ್ಗಲು 10ರಿಂದ 14 ದಿನ ಬೇಕು. ವಾರವಿಡೀ ಎ.ಸಿ. ಕಚೇರಿಯಲ್ಲಿದ್ದು ಭಾನುವಾರ ನೇರ ನೂರು ಕಿಲೊಮೀಟರ್ ಹೊರಡುವವರ ದೇಹಕ್ಕೆ ಆ ಅವಕಾಶವೇ ಸಿಕ್ಕಿರುವುದಿಲ್ಲ. ಜ್ವರ, ಭೇದಿ ಆಗಿದ್ದರೆ, ರಾತ್ರಿ ಮದ್ಯ ಸೇವಿಸಿದ್ದರೆ ಆ ವಾರ ಬಿಟ್ಟುಬಿಡಿ. ಬಿಸಿಲಾಘಾತದಿಂದ ಚೇತರಿಸಿಕೊಂಡವರು ಆಸ್ಪತ್ರೆಯಿಂದ ಬಂದ ಮೇಲೆ ಕನಿಷ್ಠ 7 ದಿನ ಯಾವ ವ್ಯಾಯಾಮವನ್ನೂ ಮಾಡಬಾರದು, ಮತ್ತೆ ಸೈಕಲ್ ಹತ್ತುವ ಮುನ್ನ ವೈದ್ಯರನ್ನು ಕಾಣಬೇಕು.