ಪದ ಪರಿಚಯ: ತಟಸ್ಥ

ಸಂಸ್ಕೃತದಲ್ಲಿ ‘ತಟ’ ಎಂದರೆ ದಡ, ‘ಸ್ಥ’ ಎಂದರೆ ನಿಂತಿರುವ. ಹೊಳೆಗಿಳಿಯದೆ ದಡದಲ್ಲೇ ನಿಂತವನು ತಟಸ್ಥ. ಜಗಳದಲ್ಲಿ ಯಾರ ಪಕ್ಷವನ್ನೂ ವಹಿಸದವರಿಗೆ, ಯುದ್ಧದಿಂದ ದೂರ ಉಳಿದ ದೇಶಕ್ಕೆ ಕನ್ನಡದಲ್ಲಿ ಈ ಪದ ಸಲ್ಲುತ್ತದೆ.

ಹೈ-ಫೈ ಆಂಪ್ಲಿಫೈಯರ್‌ಗಳ ಲೋಕದಲ್ಲಿ ‘ನ್ಯೂಟ್ರಲ್’ ಎನ್ನುವ ಗುಣಕ್ಕೂ ಇದೇ ಒಪ್ಪುವ ಮಾತು. ಒಳಬಂದ ಸಂಕೇತವನ್ನು ಹಿಗ್ಗಿಸುವುದಷ್ಟೇ ಆಂಪ್ಲಿಫೈಯರ್‌ನ ಕೆಲಸ, ತನ್ನದೇನನ್ನೂ ಸೇರಿಸಬಾರದು. 20ರಿಂದ 20,000 ಹರ್ಟ್ಸ್‌ವರೆಗಿನ ಎಲ್ಲ ಸ್ವರಗಳನ್ನೂ ಒಂದೇ ಪ್ರಮಾಣದಲ್ಲಿ ಹೆಚ್ಚಿಸಿ, ವಿರೂಪವನ್ನು ಕಿವಿಗೆ ಕೇಳದಷ್ಟು ಕಡಿಮೆ ಇಟ್ಟರೆ ಅದು ತಟಸ್ಥ.

ಇದರ ಎದುರಿಗೆ ಬರುವ ಪದ ‘ವಾರ್ಮ್’, ಬೆಚ್ಚನೆಯ ದನಿ. ಕೆಲವು ವಾಲ್ವ್ ಆಂಪ್ಲಿಫೈಯರ್‌ಗಳು 240 ಹರ್ಟ್ಸ್‌ನ ಷಡ್ಜಕ್ಕೆ 480 ಹರ್ಟ್ಸ್‌ನ ತಾರಷಡ್ಜವನ್ನು ತುಸು ಬೆರೆಸುತ್ತವೆ. ಶ್ರುತಿಗೆ ಹೊಂದುವುದರಿಂದ ಹಿತವೆನಿಸುತ್ತದೆ. ಆದರೂ ಅದು ಯಂತ್ರ ಸೇರಿಸಿದ್ದು, ಗಾಯಕಿ ಹಾಡಿದ್ದಲ್ಲ.

ಎರಡು ಆಂಪ್ಲಿಫೈಯರ್‌ಗಳನ್ನು ಹೋಲಿಸುವಾಗ ಮೊದಲು ಎರಡರ ಸದ್ದನ್ನೂ ಮೀಟರಿನಲ್ಲಿ ಅಳೆದು ಸಮ ಮಾಡಿ. ತುಸು ಜೋರಾದದ್ದನ್ನೇ ಕಿವಿ ಚೆನ್ನಾಗಿದೆ ಎಂದು ನಂಬಿಬಿಡುತ್ತದೆ. ಆಮೇಲೆ, ನುಡಿಯುತ್ತಿರುವುದು ಯಾವುದೆಂದು ನಿಮಗೆ ತಿಳಿಯದಂತೆ ಬೇರೆಯವರಿಂದ ಬದಲಾಯಿಸಿ ಕೇಳಿ. ತೀರ್ಪು ಕೊಡುವವರೂ ತಟಸ್ಥರಾಗಿರಬೇಕು.