ಚಿನ್ನ ಸಿಕ್ಕ ಜಾಗದ ಬೆಲೆ

ಮೆಟಲ್ ಡಿಟೆಕ್ಟರಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಯಂತ್ರದ ಚರಿತ್ರೆಯನ್ನೇ ಬರೆಯುತ್ತಾರೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡೇಟು ಬಿದ್ದಾಗ, ದೇಹದಲ್ಲಿ ಉಳಿದ ಗುಂಡನ್ನು ಪತ್ತೆಮಾಡಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ಒಂದು ವಿದ್ಯುತ್ ಸಾಧನ ತಂದು ವಿಫಲನಾದ. 1937ರಲ್ಲಿ ಕ್ಯಾಲಿಫೋರ್ನಿಯದ ಗೆರ್ಹಾರ್ಡ್ ಫಿಶರ್ ಹೊತ್ತೊಯ್ಯಬಹುದಾದ ಶೋಧಕಕ್ಕೆ ಪೇಟೆಂಟ್ ಪಡೆದ. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಸೇನಾಧಿಕಾರಿ ಕೊಸಾಟ್ಸ್ಕಿ ರೂಪಿಸಿದ ನೆಲಬಾಂಬು ಶೋಧಕ ಎಲ್ ಅಲಮೇನ್ ಯುದ್ಧದಲ್ಲಿ ಬಳಕೆಯಾಯಿತು. ಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ಇಂಥ ಸಾಧನಗಳು ಹವ್ಯಾಸಿಗಳ ಕೈ ಸೇರಿದವು. ಈ ಸರಣಿಯಲ್ಲಿ ಸುಳ್ಳೇನೂ ಇಲ್ಲ. ಆದರೆ ನೆಲದೊಳಗಿನ ಒಡವೆಯನ್ನು ಹುಡುಕುವ ಕೆಲಸ ಕಳೆದ ಐವತ್ತು ವರ್ಷಗಳಲ್ಲಿ ಒಂದು ಕ್ಷೇತ್ರವಾಗಿ ಬೆಳೆದದ್ದು ಯಂತ್ರ ಇನ್ನಷ್ಟು ಆಳಕ್ಕೆ ಕಿವಿಗೊಟ್ಟಿದ್ದರಿಂದಲ್ಲ, ಸಿಕ್ಕ ವಸ್ತುವಿಗಿಂತ ಅದು ಸಿಕ್ಕ ಜಾಗಕ್ಕೆ ಹೆಚ್ಚು ಬೆಲೆಯಿದೆ ಎಂದು ಒಂದು ಸಮಾಜ ನಿಧಾನವಾಗಿ ಒಪ್ಪಿಕೊಂಡದ್ದರಿಂದ ಎಂಬುದು ನನ್ನ ವಾದ. ಇಂಗ್ಲೆಂಡಿನ ಅನುಭವ ಇದಕ್ಕೆ ಅತ್ಯಂತ ಸ್ಪಷ್ಟ ಸಾಕ್ಷಿ.

ಯಂತ್ರದ ವಿಷಯವನ್ನು ಮೊದಲು ಮುಗಿಸಿಬಿಡೋಣ. ತಂತಿಸುರುಳಿಯಲ್ಲಿ ಹರಿಯುವ ವಿದ್ಯುತ್ತು ನೆಲದೊಳಕ್ಕೆ ಏರಿಳಿಯುವ ಕಾಂತಕ್ಷೇತ್ರವನ್ನು ಕಳಿಸುತ್ತದೆ. ಅಲ್ಲಿ ಲೋಹವಿದ್ದರೆ ಅದರ ಮೈಯಲ್ಲಿ ಸುಳಿ ಪ್ರವಾಹಗಳು ಹುಟ್ಟುತ್ತವೆ. ಆ ಪ್ರವಾಹಗಳ ಪ್ರತಿಧ್ವನಿಯನ್ನು ಯಂತ್ರ ಸದ್ದಾಗಿ ಕೇಳಿಸುತ್ತದೆ. 1970ರ ದಶಕದ ಕೊನೆಯ ಹೊತ್ತಿಗೆ ಕಬ್ಬಿಣದ ಮೊಳೆಯನ್ನೂ ಬೆಳ್ಳಿಯ ನಾಣ್ಯವನ್ನೂ ಸದ್ದಿನಿಂದಲೇ ಬೇರ್ಪಡಿಸುವ ಯಂತ್ರಗಳು ಬಂದವು. ಚಿನ್ನ ಮಾತ್ರ ಈ ಜಾಣತನಕ್ಕೆ ಪೂರ್ತಿ ಸಿಕ್ಕಿಲ್ಲ. ತೆಳುವಾದ ಚಿನ್ನದ ಉಂಗುರ ಕೊಡುವ ಸದ್ದೂ ಸಿಗರೇಟು ಪ್ಯಾಕಿನ ಅಲ್ಯೂಮಿನಿಯಂ ಹಾಳೆ ಕೊಡುವ ಸದ್ದೂ ಬಹುಪಾಲು ಒಂದೇ. ಕಸದ ಸದ್ದನ್ನು ಬಿಟ್ಟು ನಡೆಯುವವನು ಉಂಗುರವನ್ನೂ ಬಿಟ್ಟು ನಡೆಯುತ್ತಾನೆ. ಆಸ್ಟ್ರೇಲಿಯದ ವಿಕ್ಟೋರಿಯದಲ್ಲಿ ತೊಡಕು ಬೇರೆಯದು. ಅಲ್ಲಿನ ಮಣ್ಣಿನಲ್ಲಿ ಕಬ್ಬಿಣದ ಅಂಶ ಎಷ್ಟಿದೆಯೆಂದರೆ ನೆಲವೇ ಸದ್ದು ಮಾಡುತ್ತದೆ. ಆದರೂ 1980ರಲ್ಲಿ ಕಿಂಗೋವರ್ ಬಳಿ ಒಬ್ಬ ಹವ್ಯಾಸಿಗೆ 27 ಕಿಲೋ ತೂಗುವ ‘ಹ್ಯಾಂಡ್ ಆಫ್ ಫೇತ್’ ಎಂಬ ಚಿನ್ನದ ಗಟ್ಟಿ ಸಿಕ್ಕಿತು. 1985ರಲ್ಲಿ ಅಡಿಲೇಡ್‌ನಲ್ಲಿ ಹುಟ್ಟಿದ ಮೈನ್‌ಲ್ಯಾಬ್ ಕಂಪನಿ ಮುಂದಿನ ವರ್ಷಗಳಲ್ಲಿ ಆ ಮಣ್ಣಿನ ಗದ್ದಲವನ್ನು ಸೋಸಿ ಲೋಹದ ಸದ್ದನ್ನು ಕೇಳಿಸುವ ಮಿಡಿತ (ಪಲ್ಸ್) ತಂತ್ರದ ಯಂತ್ರಗಳನ್ನು ತಂದಿತು. ಗಟ್ಟಿ ಹುಡುಕುವವರ ಮಟ್ಟಿಗೆ ಯಂತ್ರದ ಚರಿತ್ರೆಯೇ ಕ್ಷೇತ್ರದ ಚರಿತ್ರೆ, ಇದನ್ನು ಒಪ್ಪಬೇಕು. ಗಟ್ಟಿಯನ್ನು ನೆಲಕ್ಕೆ ಯಾರೂ ಇಟ್ಟದ್ದಲ್ಲ; ಅದು ಭೂಮಿಯ ಸೊತ್ತು.

ಒಡವೆಯ ಮಾತು ಹಾಗಲ್ಲ. ಅದು ಒಬ್ಬರ ಕೈಯಲ್ಲೋ ಕೊರಳಲ್ಲೋ ಇದ್ದದ್ದು. ಅದನ್ನು ಹೂತಿಟ್ಟರೋ, ಕಳೆದುಕೊಂಡರೋ, ಸತ್ತವರ ಜೊತೆ ಇಟ್ಟರೋ, ದೇವರಿಗೆ ಒಪ್ಪಿಸಿದರೋ ಎಂಬುದನ್ನು ಒಡವೆ ತಾನಾಗಿ ಹೇಳುವುದಿಲ್ಲ. ಅದರ ಸುತ್ತಲ ಮಣ್ಣು ಹೇಳುತ್ತದೆ. ವಿಚಿತ್ರವೆಂದರೆ ಇಂಗ್ಲೆಂಡಿನ ಹಳೆಯ ನಿಧಿ ಕಾನೂನು ಈ ಪ್ರಶ್ನೆಯನ್ನೇ ಕೇಳುತ್ತಿತ್ತು, ಆದರೆ ತಪ್ಪು ಕಾರಣಕ್ಕೆ. ಮತ್ತೆ ಬಂದು ತೆಗೆಯುವ ಉದ್ದೇಶದಿಂದ ಹೂತಿಟ್ಟ ಚಿನ್ನ ಬೆಳ್ಳಿ ಮಾತ್ರ ರಾಜಪ್ರಭುತ್ವಕ್ಕೆ ಸೇರುತ್ತಿತ್ತು. ಕಳೆದುಹೋದದ್ದಕ್ಕೆ ಆ ಕಟ್ಟು ಇರಲಿಲ್ಲ. 1985ರಲ್ಲಿ ಯಾರ್ಕ್‌ಷೈರಿನ ಮಿಡ್ಲ್‌ಹ್ಯಾಂ ಕೋಟೆಯ ಹತ್ತಿರ ನೀಲಮಣಿ ಕೂರಿಸಿದ ಹದಿನೈದನೆಯ ಶತಮಾನದ ಚಿನ್ನದ ಪದಕವೊಂದು ಡಿಟೆಕ್ಟರಿಗೆ ಸಿಕ್ಕಿತು. ಅದು ಕಳೆದುಹೋದದ್ದೆಂದು ತೀರ್ಮಾನವಾಯಿತು, ಹರಾಜಿಗೆ ಹೋಯಿತು. ಕೊನೆಗೆ ಯಾರ್ಕ್‌ಷೈರ್ ಮ್ಯೂಸಿಯಂ ಅದನ್ನು ಉಳಿಸಿಕೊಳ್ಳಲು 25 ಲಕ್ಷ ಪೌಂಡ್ ಹೊಂದಿಸಬೇಕಾಯಿತು. ಇಷ್ಟರಲ್ಲಿ ಎರಡು ಪಾಳೆಯಗಳು ಎದ್ದಿದ್ದವು. 1979ರ ಕಾಯಿದೆ ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಡಿಟೆಕ್ಟರ್ ಬಳಸುವುದನ್ನು ನಿಷೇಧಿಸಿತು. ಮರುವರ್ಷ ಪುರಾತತ್ತ್ವಜ್ಞರು ಹವ್ಯಾಸಿಗಳ ವಿರುದ್ಧ ‘ಸ್ಟಾಪ್’ ಎಂಬ ಚಳವಳಿ ಹೂಡಿದರು. 1981ರಲ್ಲಿ ಹವ್ಯಾಸಿಗಳೂ ತಮ್ಮದೇ ರಾಷ್ಟ್ರೀಯ ಮಂಡಳಿ ಕಟ್ಟಿಕೊಂಡರು. ಬೈಗುಳ ವಿನಿಮಯವಾಯಿತೇ ಹೊರತು ಮಾಹಿತಿ ವಿನಿಮಯವಾಗಲಿಲ್ಲ. ಸರ್ರಿಯ ವಾನ್‌ಬರೊ ಎಂಬಲ್ಲಿನ ರೋಮನ್ ಕಾಲದ ದೇಗುಲದ ನೆಲೆಯನ್ನು 1980ರ ದಶಕದ ನಡುವೆ ನಾಣ್ಯಗಳಿಗಾಗಿ ಲೂಟಿ ಮಾಡಿದಾಗ, ಹಳೆಯ ಕಾನೂನು ಎಷ್ಟು ದುರ್ಬಲ ಎಂಬುದು ಎಲ್ಲರಿಗೂ ಕಂಡಿತು.

ತಿರುವು ಬಂದದ್ದು 1992ರ ನವೆಂಬರಿನಲ್ಲಿ, ಸಫೋಕ್‌ನ ಹಾಕ್ಸ್‌ನ್ ಗ್ರಾಮದಲ್ಲಿ. ರೈತನೊಬ್ಬ ಹೊಲದಲ್ಲಿ ಕಳೆದುಕೊಂಡ ಸುತ್ತಿಗೆಯನ್ನು ಹುಡುಕಿಕೊಡಲು ಹೋದ ಅವನ ಗೆಳೆಯನಿಗೆ ರೋಮನ್ ಚಿನ್ನ ಬೆಳ್ಳಿ ಸಿಕ್ಕಿತು. ಕೊಂಚ ತೆಗೆದವನೇ ಅಗೆಯುವುದನ್ನು ನಿಲ್ಲಿಸಿ ಸುದ್ದಿ ಮುಟ್ಟಿಸಿದ. ಈ ನಿಲ್ಲಿಸುವಿಕೆಯನ್ನು ನಾನು ಇಡೀ ಕ್ಷೇತ್ರದ ಅತಿ ದೊಡ್ಡ ಶೋಧವೆಂದು ಎಣಿಸುತ್ತೇನೆ. ಪುರಾತತ್ತ್ವಜ್ಞರು ಕ್ರಮವಾಗಿ ಬಿಡಿಸಿದ್ದರಿಂದಲೇ, ಕೊಳೆತುಹೋಗಿದ್ದ ಮರದ ಪೆಟ್ಟಿಗೆಯ ಗುರುತೂ ಅದರೊಳಗೆ ಯಾವುದರ ಪಕ್ಕ ಯಾವುದನ್ನು ಜೋಡಿಸಿದ್ದರು ಎಂಬ ಅಚ್ಚುಕಟ್ಟೂ ಉಳಿದವು. ಸುಮಾರು 15,000 ನಾಣ್ಯಗಳು, ಚಿನ್ನದ ಮೈಸರ, ಜೂಲಿಯಾನಾ ಎಂಬ ಒಡತಿಗೆ ಶುಭ ಕೋರುವ ಅಕ್ಷರ ಕೊರೆದ ಬಳೆ. ಜೊತೆಗೆ ಬೆಳ್ಳಿಯ ನಾಲ್ಕು ಮೆಣಸಿನ ಡಬ್ಬಿಗಳು. ರೋಮನ್ನರ ಊಟದ ಮೇಜಿಗೆ ಕರಿಮೆಣಸು ಹೋಗುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯ ಬಂದರುಗಳಿಂದ. ರೋಮನ್ ಆಳ್ವಿಕೆ ಕುಸಿಯುತ್ತಿದ್ದ ಐದನೆಯ ಶತಮಾನದ ಆರಂಭದಲ್ಲೂ ಬ್ರಿಟನ್ನಿನ ಒಂದು ಶ್ರೀಮಂತ ಮನೆತನ ಮೆಣಸಿನ ಡಬ್ಬಿಯನ್ನು ಒಡವೆಯಷ್ಟೇ ಜೋಪಾನವಾಗಿ ಹೂತಿಟ್ಟಿತ್ತು ಎಂಬ ಸಂಗತಿ ಕರಗಿಸಿದ ಬೆಳ್ಳಿಯಿಂದ ತಿಳಿಯುತ್ತಿರಲಿಲ್ಲ. ಶೋಧಕನಿಗೆ 17.5 ಲಕ್ಷ ಪೌಂಡ್ ಬಹುಮಾನ ಬಂತು. ಅದನ್ನವನು ರೈತನೊಂದಿಗೆ ಹಂಚಿಕೊಂಡ.

1996ರ ನಿಧಿ ಕಾಯಿದೆ ಉದ್ದೇಶದ ಗೊಂದಲವನ್ನು ಕಿತ್ತುಹಾಕಿತು. ಮುನ್ನೂರು ವರ್ಷಕ್ಕಿಂತ ಹಳೆಯ, ನೂರಕ್ಕೆ ಹತ್ತು ಪಾಲಾದರೂ ಚಿನ್ನ ಅಥವಾ ಬೆಳ್ಳಿ ಇರುವ ವಸ್ತು ಹೇಗೆ ನೆಲ ಸೇರಿದ್ದರೂ ನಿಧಿಯೇ. ಹದಿನಾಲ್ಕು ದಿನದೊಳಗೆ ವರದಿ ಮಾಡಬೇಕು. ಮ್ಯೂಸಿಯಂ ಕೊಂಡರೆ ಮಾರುಕಟ್ಟೆ ಬೆಲೆಯನ್ನು ಶೋಧಕನಿಗೂ ಭೂಮಾಲೀಕನಿಗೂ ಹಂಚಬೇಕು. ಇದರ ಜೊತೆಗೇ 1997ರಲ್ಲಿ ಒಂದು ಸ್ವಯಂಪ್ರೇರಿತ ದಾಖಲೆ ಯೋಜನೆ ಆರಂಭವಾಯಿತು. ನಿಧಿಯಲ್ಲದ ಗುಂಡಿ, ಬಕಲು, ಮುರಿದ ಪಿನ್ನುಗಳನ್ನೂ ಸಿಕ್ಕ ಸ್ಥಳದ ಸಮೇತ ಬರೆದಿಡುವ ಅಧಿಕಾರಿಗಳು ಪ್ರಾಂತ ಪ್ರಾಂತದಲ್ಲಿ ನೇಮಕಗೊಂಡರು. ಮೊದಲು ವರ್ಷಕ್ಕೆ ಇಪ್ಪತ್ತೈದರ ಆಸುಪಾಸಿನಲ್ಲಿದ್ದ ನಿಧಿ ಪ್ರಕರಣಗಳು ಈಗ ಸಾವಿರ ದಾಟುತ್ತವೆ. 2014ರ ವೇಳೆಗೆ ದಾಖಲಾದ ವಸ್ತುಗಳು ಹತ್ತು ಲಕ್ಷ ಮುಟ್ಟಿದ್ದವು. ಇದರ ಫಲವನ್ನು ಸಫೋಕ್‌ನ ರೆಂಡಲ್‌ಷ್ಯಾಮಿನಲ್ಲಿ ನೋಡಬೇಕು. ರಾತ್ರಿ ಕಳ್ಳರ ಕಾಟ ತಾಳಲಾರದೆ ಜಮೀನಿನ ಒಡೆಯ ದೂರಿದ ಮೇಲೆ, 2008ರಿಂದ ಪಳಗಿದ ಹವ್ಯಾಸಿಗಳ ಚಿಕ್ಕ ತಂಡವೊಂದು ಹೊಲಗಳನ್ನು ಸಾಲು ಸಾಲಾಗಿ ಜಾಲಾಡಿ ಪ್ರತಿ ಚೂರಿನ ಜಾಗವನ್ನೂ ನಕ್ಷೆಗೆ ಇಳಿಸಿತು. ಆ ಚುಕ್ಕಿಗಳ ಹಂಚಿಕೆಯಲ್ಲಿ ಆಂಗ್ಲೋ-ಸ್ಯಾಕ್ಸನ್ ಅರಸರ ಒಂದು ನೆಲೆ ಮೂಡಿತು. 2022ರ ಉತ್ಖನನದಲ್ಲಿ ದೊಡ್ಡ ಸಭಾಭವನದ ಅಡಿಪಾಯವೇ ಸಿಕ್ಕಿತು.

ಇದೆಲ್ಲ ಲೂಟಿಗೆ ಹಾಕಿದ ಮರ್ಯಾದೆಯ ಅಂಗಿ ಎಂದು ಆಕ್ಷೇಪಿಸುವವರಿದ್ದಾರೆ, ಅವರ ಮಾತು ಹಗುರವಲ್ಲ. ನೆಲವನ್ನು ಪದರ ಪದರವಾಗಿ ಓದಬೇಕಾದಲ್ಲಿ ಗುಂಡಿ ತೋಡುವುದೇ ಹಾನಿ ಎನ್ನುತ್ತಾರೆ. ಪದರಗಳು ಉಳಿದಿರುವ ಕಡೆ ಇದು ಪೂರ್ಣ ನಿಜ. ಆದರೆ ಬಹುಪಾಲು ಶೋಧ ನಡೆಯುವುದು ಉಳುವ ಹೊಲದ ಮೇಲ್ಮಣ್ಣಿನಲ್ಲಿ, ಅಲ್ಲಿ ಪದರಗಳನ್ನು ನೇಗಿಲು ಎಂದೋ ಕಲಸಿಬಿಟ್ಟಿದೆ. 2001ರಲ್ಲಿ ಕೆಂಟ್‌ನ ರಿಂಗಲ್‌ಮಿಯರ್‌ನಲ್ಲಿ ಸಿಕ್ಕ ಕಂಚಿನ ಯುಗದ ಚಿನ್ನದ ಬಟ್ಟಲು ನೇಗಿಲಿಗೆ ಸಿಕ್ಕಿ ನಜ್ಜುಗುಜ್ಜಾಗಿತ್ತು. ಅದನ್ನು ಮಣ್ಣಲ್ಲೇ ಬಿಟ್ಟಿದ್ದರೆ ಉಳಿಯುತ್ತಿದ್ದದ್ದು ಚೂರುಗಳು. 2009ರ ಸ್ಟಾಫರ್ಡ್‌ಷೈರ್ ನಿಧಿಯ ಪ್ರಕರಣ ಇನ್ನೂ ತೊಡಕಿನದು. ಶೋಧಕ ಐದು ದಿನ ತಾನೇ ಅಗೆದು 244 ಚೀಲ ತುಂಬಿದ ಮೇಲಷ್ಟೇ ತಜ್ಞರು ಬಂದರು. 32.85 ಲಕ್ಷ ಪೌಂಡ್ ಬೆಲೆಯ, ಖಡ್ಗದ ಹಿಡಿಗಳಿಂದ ಕಿತ್ತ ಆ ಚಿನ್ನದ ಅಲಂಕಾರಗಳನ್ನು ಯಾರು ಏಕೆ ಹೂತರು ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಅವನು ಮೊದಲ ದಿನವೇ ನಿಲ್ಲಿಸಬೇಕಿತ್ತು ಎಂದೇ ನನ್ನ ಅಭಿಪ್ರಾಯ. ನಿಷೇಧವಿದ್ದಿದ್ದರೆ ಆ ಐದು ದಿನಗಳ ಸುದ್ದಿಯಾದರೂ ನಮಗೆ ತಲುಪುತ್ತಿತ್ತೇ ಎಂಬುದು ಅಷ್ಟೇ ನ್ಯಾಯವಾದ ಪ್ರಶ್ನೆ.

ಹಣದ ಆಸೆ ಕಳ್ಳರನ್ನು ಹುಟ್ಟಿಸುತ್ತದೆ ಎಂಬುದು ಮತ್ತೊಂದು ಆಕ್ಷೇಪ. 2015ರ ಎರಡು ನಿಧಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಉತ್ತರ ಸಿಗುತ್ತದೆ. ಎರಡೂ ಒಂಬತ್ತನೆಯ ಶತಮಾನದ ಉತ್ತರಾರ್ಧದವು, ವೈಕಿಂಗರ ದಾಳಿಯ ಕಾಲದವು. ಆಕ್ಸ್‌ಫರ್ಡ್‌ಷೈರಿನ ವಾಟ್‌ಲಿಂಗ್ಟನ್‌ನಲ್ಲಿ ಶೋಧಕ ಕೂಡಲೇ ತಿಳಿಸಿದ. ಮಣ್ಣಿನ ಗಡ್ಡೆಯನ್ನೇ ಇಡಿಯಾಗಿ ಎತ್ತಿ ಪ್ರಯೋಗಾಲಯದಲ್ಲಿ ಬಿಡಿಸಿದರು; ನಾಣ್ಯ, ತೋಳಬಳೆ, ಬೆಳ್ಳಿಗಟ್ಟಿಗಳು ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಂ ಸೇರಿದವು. ಹೆರಿಫರ್ಡ್‌ಷೈರಿನಲ್ಲಿ ಸಿಕ್ಕವರು ಮುಚ್ಚಿಟ್ಟು ಮಾರಿದರು. ಅಲ್ಲಿ ಸುಮಾರು 300 ನಾಣ್ಯಗಳಿದ್ದವೆಂದು ಅಂದಾಜು. ವಿಚಾರಣೆಯ ಹೊತ್ತಿಗೆ ಕೈಗೆ ಬಂದದ್ದು ಮೂವತ್ತರ ಆಸುಪಾಸು. 2019ರಲ್ಲಿ ಅಪರಾಧಿಗಳಿಗೆ ಹಲವು ವರ್ಷಗಳ ಜೈಲಾಯಿತು. ವೆಸೆಕ್ಸಿನ ದೊರೆ ಆಲ್‌ಫ್ರೆಡ್ ಮತ್ತು ಮರ್ಸಿಯದ ದೊರೆ ಕಿಯೋಲ್‌ವುಲ್ಫ್ ಜೊತೆಜೊತೆಗೆ ಒಂದೇ ಮಾದರಿಯ ನಾಣ್ಯ ಟಂಕಿಸಿದ್ದರು ಎಂಬುದಕ್ಕೆ ಈ ಎರಡು ನಿಧಿಗಳು ಗಟ್ಟಿ ಪುರಾವೆ. ಆಲ್‌ಫ್ರೆಡ್‌ನ ಕಡೆಯ ಚರಿತ್ರೆಕಾರರು ಕೈಗೊಂಬೆಯೆಂದು ಕಡೆಗಣಿಸಿದ್ದ ಕಿಯೋಲ್‌ವುಲ್ಫ್ ಸಮಾನ ಮಿತ್ರನಾಗಿದ್ದ ಎಂದು ಆ ಬೆಳ್ಳಿ ಹೇಳುತ್ತದೆ. ಮಾರಾಟವಾಗಿ ಚದುರಿದ ನಾಣ್ಯಗಳು ಇನ್ನೆಷ್ಟು ಹೇಳುತ್ತಿದ್ದವೋ. ಬಹುಮಾನ ಎರಡು ಕಡೆಯೂ ಕಾದಿತ್ತು; ಕಳ್ಳರಾದವರು ಬಹುಮಾನವಿದ್ದದ್ದರಿಂದ ಕಳ್ಳರಾಗಲಿಲ್ಲ, ಪಾಲು ಕೊಡಲೊಲ್ಲದೆ ಆದರು. 1996ರ ಕಾಯಿದೆಯ ನಿಜವಾದ ದೋಷ ಚಿನ್ನ ಬೆಳ್ಳಿಗೆ ಜೋತುಬಿದ್ದದ್ದು. 2010ರಲ್ಲಿ ಕಂಬ್ರಿಯದ ಕ್ರಾಸ್ಬಿ ಗ್ಯಾರೆಟ್‌ನಲ್ಲಿ ಸಿಕ್ಕ ಅಪೂರ್ವ ರೋಮನ್ ಶಿರಸ್ತ್ರಾಣ ತಾಮ್ರಮಿಶ್ರ ಲೋಹದ್ದೆಂಬ ಒಂದೇ ಕಾರಣಕ್ಕೆ ಖಾಸಗಿಯವರ ಪಾಲಾಯಿತು. 2023ರಲ್ಲಿ ವ್ಯಾಖ್ಯೆ ಹಿಗ್ಗಿಸಿ, ಇನ್ನೂರು ವರ್ಷ ಹಳೆಯ, ವಿಶೇಷ ಮಹತ್ವದ ಲೋಹವಸ್ತುಗಳನ್ನೂ ನಿಧಿಯೆಂದು ಸೇರಿಸಿದರು.

ಇಂಗ್ಲೆಂಡಿನ ಈ ವ್ಯವಸ್ಥೆ ನಮ್ಮ ನೆಲಕ್ಕೆ ಹೊಂದುವುದಿಲ್ಲ ಎಂಬ ಮಾತನ್ನು ಅರ್ಧ ಒಪ್ಪುತ್ತೇನೆ. ಐರ್ಲೆಂಡ್ 1980ರಲ್ಲಿ ಡೆರಿನಾಫ್ಲಾನ್ ಪೂಜಾಪಾತ್ರೆ ಡಿಟೆಕ್ಟರಿಗೆ ಸಿಕ್ಕ ಬಳಿಕ, 1987ರಲ್ಲಿ ಅನುಮತಿಯಿಲ್ಲದ ಪುರಾವಸ್ತು ಶೋಧವನ್ನೇ ನಿಷೇಧಿಸಿತು. ಗರ್ಭಗುಡಿ ಅಗೆಯುವ, ನಂದಿ ಒಡೆಯುವ ನಿಧಿಗಳ್ಳರಿರುವ ಕರ್ನಾಟಕಕ್ಕೆ ಯಂತ್ರದ ವಿಷಯದಲ್ಲಿ ಐರ್ಲೆಂಡಿನ ಕಟ್ಟೇ ಸರಿ. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನೇ ನಿಧಿಯಾಸೆಗೆ ಕೆಡವಿದ ನೆಲವಿದು. ಆದರೆ ಉಳುವಾಗ, ಪಾಯ ತೋಡುವಾಗ ಆಕಸ್ಮಿಕವಾಗಿ ಚಿನ್ನ ಕಂಡ ರೈತ ನಿಧಿಗಳ್ಳನಲ್ಲ. ದೇಶದಲ್ಲಿ ಅಂಥವರಿಗಾಗಿ 1878ರ ಭಾರತೀಯ ನಿಧಿ ಕಾಯಿದೆ ಏನನ್ನು ಇಟ್ಟಿದೆ? ಹತ್ತು ರೂಪಾಯಿಗೆ ಮೀರಿದ ಬೆಲೆಯ ನಿಧಿಯನ್ನು ಕಲೆಕ್ಟರಿಗೆ ತಿಳಿಸಬೇಕು. ಸರ್ಕಾರ ಅದನ್ನು ಪಡೆದುಕೊಂಡರೆ ಲೋಹದ ಬೆಲೆಯ ಮೇಲೆ ಐದರಲ್ಲೊಂದು ಪಾಲು ಸೇರಿಸಿ ಕೊಡುತ್ತದೆ. ಅಂದರೆ ಆ ಕಾನೂನಿನ ಕಣ್ಣಿಗೆ ಸಾವಿರ ವರ್ಷದ ಸರವೂ ಕರಗಿಸಿದ ಗಟ್ಟಿಯೂ ಬಹುತೇಕ ಒಂದೇ. ಅಕ್ಕಸಾಲಿಗನ ಅಂಗಡಿ ಹತ್ತಿರವಿದ್ದು ಕಚೇರಿ ದೂರವಿದ್ದರೆ ರೈತ ಯಾವ ದಾರಿ ಹಿಡಿಯುತ್ತಾನೆಂದು ಊಹಿಸುವುದು ಕಷ್ಟವಲ್ಲ. ವರದಿ ಮಾಡಿದವನಿಂದ ಲೋಕಕ್ಕೆ ಏನು ದಕ್ಕುತ್ತದೆ ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿಯಿದೆ. 1915ರಲ್ಲಿ, ಆಗ ನಿಜಾಮರ ಸೀಮೆಯಾಗಿದ್ದ ಮಸ್ಕಿಯಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಎಂಜಿನಿಯರ್ ಬೀಡನ್ ಕಣ್ಣಿಗೆ ಬಂಡೆಯ ಮೇಲಿನ ಅಕ್ಷರಗಳು ಬಿದ್ದವು. ಅವು ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿಗಳ ಕೈಗೆ ತಲುಪಿದ್ದರಿಂದ, ಶಾಸನಗಳಲ್ಲಿ ದೇವಾನಾಂಪ್ರಿಯನೆಂಬ ಬಿರುದಿನಿಂದ ಕಾಣುತ್ತಿದ್ದ ದೊರೆಯ ಹೆಸರು ಅಶೋಕ ಎಂಬುದಕ್ಕೆ ಮೊದಲ ಶಾಸನಾಧಾರ ಸಿಕ್ಕಿತು. ಇಂಗ್ಲೆಂಡ್ ಮತ್ತು ವೇಲ್ಸ್ ಸುಮಾರು ನಲವತ್ತು ದಾಖಲೆ ಅಧಿಕಾರಿಗಳಿಂದ ತಮ್ಮ ಕೆಲಸ ನಡೆಸುತ್ತಿವೆ. ಮಾರುಕಟ್ಟೆ ಬೆಲೆ ಕಟ್ಟುವ ತಿದ್ದುಪಡಿ ತಂದು, ನಮ್ಮ 31 ಜಿಲ್ಲೆಗಳಲ್ಲಿ ರೈತ ಹೆದರದೆ ಹೋಗಬಹುದಾದ ಒಬ್ಬೊಬ್ಬ ಪುರಾತತ್ತ್ವ ಅಧಿಕಾರಿಯನ್ನು ಇದಕ್ಕೆಂದೇ ನೇಮಿಸುವುದು ರಾಜ್ಯದ ಖಜಾನೆಗೆ ದೊಡ್ಡ ಹೊರೆಯಾಗದು.